ಹಾಲು ಕುಡಿಸ್ತಿದ್ರೆ ಮುಟ್ಟು ಯಾವಾಗ ಬರುತ್ತೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಗುರುವಾರ ನಮ್ಮ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ದಿನ. ಬೆಳಗ್ಗೆ ಹತ್ತು ಗಂಟೆಗೆಲ್ಲ ಜಗುಲಿ ತುಂಬಿರುತ್ತದೆ. ಒಂದೂವರೆ ತಿಂಗಳಿನ ಕೂಸು, ಮೂರೂವರೆ ತಿಂಗಳಿನದು, ಒಂಬತ್ತು ತಿಂಗಳಿನದು, ಎಲ್ಲವೂ ಕುಲಾವಿ ಹಾಕಿಕೊಂಡು ಕೆನ್ನೆಗೆ ದೃಷ್ಟಿಬೊಟ್ಟು ಇಡಿಸಿಕೊಂಡು ಬಂದಿರುತ್ತವೆ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂತಿರಿ ಅಂತ ತಾಯಂದಿರಿಗೆ ಹೇಳುತ್ತೇವೆ. ನನಗೆ ಈ ಪ್ರಶ್ನೆ ಬರುವುದು ಆ ಅರ್ಧ ಗಂಟೆಯಲ್ಲೇ.

ಜೋರಾಗಿ ಯಾರೂ ಕೇಳುವುದಿಲ್ಲ. ಅತ್ತೆ ಚಪ್ಪಲಿ ಹುಡುಕುವಾಗ, ಗಂಡ ಬೈಕ್ ತಿರುಗಿಸುವಾಗ ನನ್ನ ಮೇಜಿನ ಪಕ್ಕಕ್ಕೆ ಬಂದು, ತಾಯಿ ಕಾರ್ಡ್ ಕೊಡುವ ನೆಪದಲ್ಲಿ ಕೇಳುತ್ತಾರೆ. "ಅಕ್ಕಾ, ನನಗಿನ್ನೂ ಆಗಿಲ್ಲ. ನಮ್ಮ ವಾರಗಿತ್ತಿಗೆ ಮೂರನೇ ತಿಂಗಳಿಗೇ ಆಯ್ತಂತೆ. ನನಗೇನಾದ್ರೂ ತೊಂದ್ರೆನಾ?" ಮುಂದಿನ ವಾರ ಅದೇ ಜಾಗದಲ್ಲಿ ಇನ್ನೊಬ್ಬಳು. "ನನಗೆ ಆಗ್ಲೇ ಆಗಿಬಿಡ್ತು ಸಿಸ್ಟರ್. ಹಾಲು ಕೆಟ್ಟೋಗುತ್ತಾ? ಬಿಡಿಸಿಬಿಡ್ಲಾ?" ಇವರಿಬ್ಬರಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಮೂರನೆಯವಳ ಬಗ್ಗೆ. ಅವಳು ಕೇಳುವುದೂ ಇಲ್ಲ, ತಾನೇ ಹೇಳಿಕೊಂಡು ನಗುತ್ತಾಳೆ. "ಇನ್ನೂ ಆಗಿಲ್ವಲ್ಲ, ಹಂಗಾದ್ರೆ ಭಯ ಇಲ್ಲ ಬಿಡಿ."

ಮೂವರಿಗೂ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಹಿಂದೆ ಇನ್ನೂ ಇಪ್ಪತ್ತು ಕೂಸುಗಳು ಸಾಲಿನಲ್ಲಿ ಅಳುತ್ತಿರುತ್ತವೆ. ಅದಕ್ಕೇ ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಮುಟ್ಟು ಬಂತು ಅಂತ ಹಾಲು ಬಿಡಿಸಬೇಡಿ. ಮುಟ್ಟು ಬಂದಿಲ್ಲ ಅಂತ ಬಸಿರಾಗುವುದಿಲ್ಲ ಅಂದುಕೊಳ್ಳಬೇಡಿ.

ಹೆರಿಗೆಯಾದ ಮೇಲೆ ಮುಟ್ಟು ಇಂಥ ದಿನವೇ ಬರಬೇಕು ಅನ್ನುವ ಲೆಕ್ಕ ಇಲ್ಲ. ಯಾವುದೋ ಕಾರಣಕ್ಕೆ ಎದೆಹಾಲು ಕುಡಿಸಲು ಆಗದ ತಾಯಿಗೆ ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಬರುತ್ತದೆ. ಹಗಲೂ ರಾತ್ರಿ ಬರೀ ಎದೆಹಾಲೇ ಕೊಡುವವರಿಗೆ ಆರು ತಿಂಗಳಾಗಬಹುದು, ಹತ್ತು ತಿಂಗಳಾಗಬಹುದು, ವರ್ಷ ದಾಟಬಹುದು. ಒಂದೂವರೆ ವರ್ಷ ಆಗದೆ, ಮಗುವೂ ತಾಯಿಯೂ ಗಟ್ಟಿಮುಟ್ಟಾಗಿದ್ದವರನ್ನು ನಾನು ನೋಡಿದ್ದೇನೆ. ವಾರಗಿತ್ತಿಯ ಲೆಕ್ಕ ನಿಮಗೆ ಬರುವುದಿಲ್ಲ. ನಿಮ್ಮ ಮೊದಲ ಹೆರಿಗೆಯ ಲೆಕ್ಕವೇ ಎರಡನೆಯದಕ್ಕೆ ಬರುವುದಿಲ್ಲ.

ಯಾಕೆ ಹೀಗೆ? ತುಂಬ ಜನ ತಿಳಿದುಕೊಂಡಿರುವುದು, ಮೈಯಲ್ಲಿರುವ ರಕ್ತವೆಲ್ಲ ಹಾಲಾಗಿ ಹೋಗುತ್ತದೆ, ಅದಕ್ಕೆ ಮುಟ್ಟು ನಿಲ್ಲುತ್ತದೆ ಅಂತ. ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದರು. ಆದರೆ ಮುಟ್ಟನ್ನು ತಡೆದು ಹಿಡಿಯುವುದು ಹಾಲಲ್ಲ, ಕೂಸಿನ ಚೀಪುವಿಕೆ. ಈ ಒಂದು ವಿಷಯ ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕೂಸು ಬಾಯಿ ಹಾಕಿ ಚೀಪಿದ ಕೂಡಲೇ ಮೊಲೆತೊಟ್ಟಿನ ನರಗಳಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರುತ್ತದೆ. ಇನ್ನೊಂದು ಕಡೆ, ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಂಡಾಶಯಕ್ಕೆ, ಬಿಟ್ಟು ಬಿಟ್ಟು ಒಂದು ಸೂಚನೆ ಹೋಗುತ್ತಿರುತ್ತದೆ. ಈ ತಿಂಗಳ ಅಂಡ ಬೆಳೆಸು ಅನ್ನುವ ಸೂಚನೆ ಅದು. ಕೂಸು ಪದೇ ಪದೇ ಚೀಪುತ್ತಿದ್ದರೆ ಆ ಸೂಚನೆ ತಾಳ ತಪ್ಪುತ್ತದೆ. ತಾಳ ತಪ್ಪಿದರೆ ಅಂಡ ಬೆಳೆಯುವುದಿಲ್ಲ. ಅಂಡ ಬರಲಿಲ್ಲ ಅಂದರೆ ಮುಟ್ಟೂ ಇಲ್ಲ.

ನಮ್ಮ ಕಡೆ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಮಿದುಳನ್ನು ಆ ನೀರುಗಂಟಿ ಅಂದುಕೊಳ್ಳಿ. ಕೂಸು ಗಳಿಗೆಗೊಮ್ಮೆ ಬಂದು "ನಾನಿನ್ನೂ ಚಿಕ್ಕೋನು, ಈಗ್ಲೇ ತೂಬು ಎತ್ತಬೇಡ" ಅಂತ ಹೇಳಿ ಹೋಗುತ್ತಿದ್ದರೆ ಅವನು ಸುಮ್ಮನಿರುತ್ತಾನೆ. ಹೇಳುವುದು ಕಡಿಮೆಯಾಯಿತೋ, ನಿಧಾನಕ್ಕೆ ಎದ್ದು ತೂಬಿನ ಕಡೆ ನಡೆಯುತ್ತಾನೆ. ಹಾಗೆ ಎದ್ದಿದ್ದು ನಿಮಗೆ ಗೊತ್ತಾಗುವುದಿಲ್ಲ. ನೀರು ಹೊಲಕ್ಕೆ ಬಂದಾಗಲೇ ಗೊತ್ತಾಗುವುದು.

ಆದ್ದರಿಂದ ಎಷ್ಟು ಹಾಲಿದೆ ಅನ್ನುವುದಕ್ಕಿಂತ ಎಷ್ಟು ಸಲ ಕುಡಿಸುತ್ತೀರಿ ಅನ್ನುವುದು ಮುಖ್ಯ. ಎರಡು ಸಲದ ನಡುವೆ ಎಷ್ಟು ಹೊತ್ತು ಅಂತರ ಅನ್ನುವುದು ಮುಖ್ಯ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಕುಂಗ್ ಅನ್ನುವ ಜನ ಇದ್ದಾರೆ. ಹಿಂದೆ ಅವರು ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುತ್ತಿದ್ದರು. ಅವರ ತಾಯಂದಿರು ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದರು. ಗಂಟೆಗೆ ಹಲವು ಸಲ, ಒಂದೆರಡು ನಿಮಿಷ ಅಷ್ಟೇ, ಕೂಸು ಕುಡಿದು ಬಿಡುತ್ತಿತ್ತು. ರಾತ್ರಿ ಪಕ್ಕದಲ್ಲೇ ಮಲಗಿ ಮತ್ತೆ ಮತ್ತೆ ಕುಡಿಯುತ್ತಿತ್ತು. ಮೆಲ್ವಿನ್ ಕಾನರ್ ಮತ್ತು ಕ್ಯಾರಲ್ ವರ್ತ್‌ಮನ್ ಅನ್ನುವ ಇಬ್ಬರು ಸಂಶೋಧಕರು ಇದನ್ನೆಲ್ಲ ಲೆಕ್ಕ ಇಟ್ಟು 1980ರಲ್ಲಿ ಬರೆದರು. ಮಾತ್ರೆ, ಕಾಪರ್ ಟಿ ಯಾವುದೂ ಇಲ್ಲದೆ ಆ ಹೆಂಗಸರಿಗೆ ಒಂದು ಹೆರಿಗೆಗೂ ಇನ್ನೊಂದಕ್ಕೂ ಸುಮಾರು 44 ತಿಂಗಳ ಅಂತರ ಇರುತ್ತಿತ್ತು. ಮೂರೂವರೆ ವರ್ಷದ ಮೇಲಾಯಿತು ನೋಡಿ. ನಮ್ಮಲ್ಲಿ ಕೂಸಿಗೆ ಗಡಿಯಾರ ನೋಡಿ ಹಾಲು ಕೊಡುವವರಿದ್ದಾರೆ. ಅವರು ಕುಂಗ್ ಹೆಂಗಸರ ಹೆರಿಗೆಯ ಅಂತರವನ್ನು ನಂಬಿ ಕೂತರೆ ಲೆಕ್ಕ ತಪ್ಪುತ್ತದೆ.

ರಾತ್ರಿಯ ಹಾಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾನು ಕಂಡಂತೆ ಹೆಚ್ಚು ಜನ ಎಡವುವುದು ಇಲ್ಲೇ. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತದೆ. 1980ರ ದಶಕದ ಶುರುವಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪೀಟರ್ ಹೋವಿ, ಅಲನ್ ಮೆಕ್‌ನೀಲಿ ಮತ್ತು ಅವರ ಜೊತೆಯವರು ಹಾಲುಣಿಸುವ ತಾಯಂದಿರನ್ನು ತಿಂಗಳುಗಟ್ಟಲೆ ಗಮನಿಸಿದರು. ಯಾರಿಗೆ ಅಂಡ ಬಿಡುಗಡೆ ತುಂಬ ತಡವಾಯಿತೋ ಅವರು ಹೆಚ್ಚು ಸಲ ಹಾಲು ಕೊಟ್ಟಿದ್ದರು, ರಾತ್ರಿಯ ಹಾಲನ್ನು ಹೆಚ್ಚು ದಿನ ನಡೆಸಿದ್ದರು, ಮೇಲಿನ ಆಹಾರವನ್ನು ನಿಧಾನಕ್ಕೆ ಶುರು ಮಾಡಿದ್ದರು. ಮೇಲಿನ ಆಹಾರ ಬಂದ ಕೂಡಲೇ ಚೀಪುವುದು ಕಡಿಮೆಯಾಗಿ ಅಂಡಾಶಯ ಎಚ್ಚರವಾಗುವುದನ್ನು ಅವರು ಕಂಡರು.

ನನ್ನ ಚಿಕ್ಕಮ್ಮನ ಮಗಳು ಹೊರದೇಶದಲ್ಲಿದ್ದಾಳೆ. ಐದನೇ ತಿಂಗಳಿಗೆ ಫೋನ್ ಮಾಡಿ, "ಅಕ್ಕ, ಪಾಪು ಈಗ ರಾತ್ರಿ ಎಂಟು ಗಂಟೆ ಹೊತ್ತು ಎಚ್ಚರ ಆಗದೆ ಮಲಗ್ತಾಳೆ" ಅಂತ ಸಂತೋಷಪಟ್ಟಳು. ನಿದ್ದೆಗೆಟ್ಟು ಸೋತಿದ್ದಳು ಪಾಪ. ನನಗೂ ಸಂತೋಷವಾಯಿತು. ಆದರೆ ಆಗಲೇ ಹೇಳಿದೆ, ಇನ್ನು ಮೇಲೆ ಎಚ್ಚರಿಕೆ ಇರಲಿ ಅಂತ. ಮುಂದಿನ ತಿಂಗಳೇ ಮುಟ್ಟಾಯಿತು. ಹಾಲು ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಹಗಲು ಚೆನ್ನಾಗೇ ಕುಡಿಸುತ್ತಿದ್ದಳು. ರಾತ್ರಿಯ ಅಂತರ ಉದ್ದವಾಗಿತ್ತು, ಅಷ್ಟೇ.

ನನ್ನ ಕತೆಯನ್ನೂ ಹೇಳುತ್ತೇನೆ. ಮೊದಲ ಮಗು ಹುಟ್ಟಿದಾಗ ನಾನು ಕೆಲಸ ಬಿಟ್ಟು ತವರಿನಲ್ಲಿದ್ದೆ. ಬಾಣಂತನ ಅಂದರೆ ನಮ್ಮಮ್ಮನಿಗೆ ಹಬ್ಬ. ಕತ್ತಲೆ ಕೋಣೆ, ಕೆಂಡದ ಬಟ್ಟಲು, ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ ಸುಟ್ಟು ತುಪ್ಪದಲ್ಲಿ ಅದ್ದಿದ ಅನ್ನ. ನನ್ನ ಮಗ ಹಗಲೂ ರಾತ್ರಿ ಎದೆ ಬಿಟ್ಟು ಇಳಿಯುತ್ತಿರಲಿಲ್ಲ. ರಾತ್ರಿ ಮಗ್ಗುಲಲ್ಲಿ ಮಲಗಿ ಮೂರು ನಾಲ್ಕು ಸಲ ಕುಡಿಯುತ್ತಿದ್ದ. ನನಗೆ ಹದಿಮೂರು ತಿಂಗಳು ಮುಟ್ಟಾಗಲಿಲ್ಲ. ಎರಡನೆಯವಳು ಹುಟ್ಟುವ ಹೊತ್ತಿಗೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ಆಗಿನ ಕಾನೂನಿನಲ್ಲಿ ಹೆರಿಗೆ ರಜೆ 12 ವಾರ. ಅದು ಮುಗಿದ ಮಾರನೇ ದಿನವೇ ಡ್ಯೂಟಿಗೆ ಬಾ ಅಂದರು. ನೈಟ್ ಡ್ಯೂಟಿಯನ್ನೂ ಹಾಕಿದರು. ಹಾಲು ಕಟ್ಟಿ ಎದೆ ಕಲ್ಲಾಗುತ್ತಿತ್ತು. ಸ್ಟೋರ್ ರೂಮಿನಲ್ಲಿ ನಿಂತು ಹಿಂಡಿ ಚೆಲ್ಲುತ್ತಿದ್ದೆ. ಮನೆಯಲ್ಲಿ ಮಗುವಿಗೆ ಡಬ್ಬಿ ಹಾಲು ಶುರುವಾಯಿತು. ಐದನೇ ತಿಂಗಳು ಹಿಡಿಯುವ ಮೊದಲೇ ನನಗೆ ಮುಟ್ಟು ಬಂತು. ಅದೇ ನಾನು, ಅದೇ ಮೈ. ಬದಲಾಗಿದ್ದು ಮಗು ನನ್ನ ಹತ್ತಿರ ಇದ್ದ ಗಂಟೆಗಳು.

2017ರಿಂದ ಕಾನೂನು ಬದಲಾಗಿದೆ. ಮೊದಲ ಎರಡು ಮಕ್ಕಳಿಗೆ 26 ವಾರದ ರಜೆ ಇದೆ. ಹತ್ತಿರ ಹತ್ತಿರ ಆರು ತಿಂಗಳು. ಹಾಲುಣಿಸುವ ತಾಯಿಗೆ ಆ ಆರು ತಿಂಗಳು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೆ ಗಾರ್ಮೆಂಟ್ಸಿಗೆ ಗುತ್ತಿಗೆಯ ಮೇಲೆ ಹೋಗುವವರು, ಮನೆಗೆಲಸದವರು, ಕೂಲಿಗೆ ಹೋಗುವವರು ನಮ್ಮ ಜಗುಲಿಯಲ್ಲಿ ಜಾಸ್ತಿ. ಅವರಿಗೆ ಯಾರು ರಜೆ ಕೊಡುತ್ತಾರೆ? ಮೂರನೇ ತಿಂಗಳಿಗೆ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಹೊರಡುತ್ತಾರೆ. ಇವರಿಗೇ ನಾನು ಬಿಡಿಸಿ ಹೇಳುವುದು: ನೀವು ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುತ್ತೀರಿ ಅಂದರೆ, ಮುಟ್ಟು ಬರದಿದ್ದರೂ ನಿಮ್ಮ ಮೈ ಬಾಗಿಲು ತೆರೆಯುತ್ತಾ ಇದೆ ಅಂದುಕೊಳ್ಳಿ. ಹಾಲು ಹಿಂಡಿಟ್ಟು ಹೋದರೆ ಮಗುವಿಗೆ ತುಂಬ ಒಳ್ಳೆಯದು. ಖಂಡಿತ ಮಾಡಿ. ಆದರೆ ಕೈಯಲ್ಲಿ ಹಿಂಡುವುದು ಕೂಸು ಚೀಪಿದಷ್ಟು ಮಿದುಳಿಗೆ ತಾಕುವುದಿಲ್ಲ. ಚಿಲಿ ದೇಶದಲ್ಲಿ ಕೆಲಸಕ್ಕೆ ಹೋಗುತ್ತಾ, ಹಾಲು ಹಿಂಡಿ ಬರೀ ಎದೆಹಾಲೇ ಕೊಟ್ಟ ತಾಯಂದಿರನ್ನು ನೋಡಿದಾಗ, ಆರು ತಿಂಗಳೊಳಗೆ ನೂರಕ್ಕೆ ಸುಮಾರು 5 ಜನ ಬಸಿರಾಗಿದ್ದರು. ಮಗುವಿನ ಜೊತೆಯಲ್ಲೇ ಇರುವ ತಾಯಂದಿರಲ್ಲಿ ಅದು ನೂರಕ್ಕೆ 2ಕ್ಕಿಂತ ಕಡಿಮೆ.

ಈ "ನೂರಕ್ಕೆ 2" ಎಲ್ಲಿಂದ ಬಂತು ಅಂತ ಹೇಳಬೇಕು. 1988ರಲ್ಲಿ ಇಟಲಿಯ ಬೆಲಾಜಿಯೊ ಅನ್ನುವ ಊರಲ್ಲಿ ಈ ವಿಷಯ ಬಲ್ಲ ವಿಜ್ಞಾನಿಗಳು ಸೇರಿ, ಅಲ್ಲಿಯವರೆಗೆ ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿದ ಮಾಹಿತಿಯನ್ನು ಮುಂದಿಟ್ಟುಕೊಂಡು ಒಂದು ತೀರ್ಮಾನಕ್ಕೆ ಬಂದರು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಬಂದಿರಬಾರದು. ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಕೊಟ್ಟರೂ ಲೆಕ್ಕಕ್ಕೆ ಬಾರದಷ್ಟು. ಈ ಮೂರೂ ಒಟ್ಟಿಗೆ ಇದ್ದರೆ ಬಸಿರು ನಿಲ್ಲದಿರುವ ಭರವಸೆ ನೂರಕ್ಕೆ 98. ಇದು ಸಣ್ಣ ಮಾತಲ್ಲ. ಸರಿಯಾಗಿ ಪಾಲಿಸಿದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಸಾಧನಗಳಷ್ಟೇ ಗಟ್ಟಿ. ಆದರೆ ಮೂರರಲ್ಲಿ ಒಂದು ಹೋದರೂ ಆ ಭರವಸೆ ಹೋಯಿತು ಅಂತಲೇ ತಿಳಿಯಬೇಕು. ಹಗಲು ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರ ಬೀಳದ ಹಾಗೆ ಕುಡಿಸುತ್ತಿರಬೇಕು ಅಂತಲೂ ನಾವು ಹೇಳುತ್ತೇವೆ.

ನಮ್ಮಲ್ಲಿ ಮೂರನೆಯ ಷರತ್ತು ಮುರಿಯುವುದು ಗೊತ್ತಾಗದ ಹಾಗೆ. "ಬರೀ ಎದೆಹಾಲೇನಮ್ಮಾ ಕೊಡ್ತಿರೋದು?" ಅಂದರೆ "ಹೂಂ, ಬರೀ ಎದೆಹಾಲೇ" ಅನ್ನುತ್ತಾರೆ. ಸ್ವಲ್ಪ ಕೂತು ಮಾತಾಡಿದರೆ ಒಂದೊಂದೇ ಹೊರಗೆ ಬರುತ್ತದೆ. ಬೇಸಿಗೆ ಅಂತ ಆಗಾಗ ನೀರು. ಸಂಜೆ ಅಳುತ್ತೆ ಅಂತ ಗ್ರೈಪ್ ವಾಟರ್. ವಾರಕ್ಕೊಮ್ಮೆ ಬಜೆ ತೇಯ್ದು ನೆಕ್ಕಿಸುವುದು. ಹಾಲು ಸಾಲುತ್ತಿಲ್ಲ ಅಂತ ಪಕ್ಕದ ಮನೆಯವರು ಹೇಳಿದ್ದಕ್ಕೆ ರಾತ್ರಿ ಒಂದು ಲೋಟ ಹಸುವಿನ ಹಾಲು. ನಾಲ್ಕನೇ ತಿಂಗಳಿಗೆ ಅಜ್ಜಿ ಪ್ರೀತಿಯಿಂದ ಶುರು ಮಾಡಿದ ರಾಗಿ ಸರಿ. ಕೂಸಿನ ಹೊಟ್ಟೆ ಅಂಗೈಯಷ್ಟೂ ಇರುವುದಿಲ್ಲ. ಅದು ಒಂದು ಲೋಟ ಹಸುವಿನ ಹಾಲಿನಲ್ಲಿ ತುಂಬಿದರೆ ನಾಲ್ಕೈದು ಗಂಟೆ ಎದೆಗೆ ಬರುವುದಿಲ್ಲ. ನೀರುಗಂಟಿಗೆ ಹೇಳುವವರು ಯಾರೂ ಇಲ್ಲ. ಮುಟ್ಟಿನ ಮಾತು ಹಾಗಿರಲಿ, ಆರು ತಿಂಗಳೊಳಗೆ ಮಗುವಿಗೆ ಇದು ಯಾವುದೂ ಬೇಡ. ನೀರೂ ಬೇಡ.

ಇನ್ನು ಆರನೇ ವಾರದ ಗೊಂದಲ. ಹೆರಿಗೆಯಾದ ಮೇಲೆ ನಾಲ್ಕರಿಂದ ಆರು ವಾರ ಬಾಣಂತಿಗೆ ಮೈಲಿಗೆ, ಅಂದರೆ ಗರ್ಭಕೋಶದ ಸ್ರಾವ, ಹೋಗುತ್ತಿರುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಬಿಳಿ. ಕೆಲವರಿಗೆ ಅದು ನಿಂತು, ಸುಮಾರು ಆರನೇ ವಾರಕ್ಕೆ ಎರಡು ಮೂರು ದಿನ ಮತ್ತೆ ಕೆಂಪಗೆ ಕಾಣುತ್ತದೆ. "ಅಯ್ಯೋ, ಆಗಲೇ ಮುಟ್ಟಾಯ್ತು" ಅಂತ ಗಾಬರಿ. ಬರೀ ಎದೆಹಾಲು ಕೊಡುವ ತಾಯಿಗೆ 56 ದಿನದೊಳಗೆ, ಅಂದರೆ ಎಂಟು ವಾರದೊಳಗೆ, ಹೀಗೆ ಕಂಡರೆ ಅದನ್ನು ಮುಟ್ಟು ಅಂತ ಲೆಕ್ಕ ಹಿಡಿಯುವುದಿಲ್ಲ. ಡಬ್ಬಿ ಹಾಲು ಕೊಡುವವರಿಗೆ ಅದು ನಿಜವಾದ ಮುಟ್ಟೇ ಇರಬಹುದು. ಅವರಿಗೆ ನಾಲ್ಕು ವಾರಕ್ಕೇ ಅಂಡ ಬಿಡುಗಡೆಯಾಗುವುದೂ ಉಂಟು.

ಈಗ ಮೂರನೆಯವಳ ಮಾತಿಗೆ ಬರುತ್ತೇನೆ. "ಇನ್ನೂ ಆಗಿಲ್ವಲ್ಲ, ಭಯ ಇಲ್ಲ."

ಕೆಲವು ವರ್ಷದ ಹಿಂದೆ ಒಬ್ಬಳು ಹತ್ತು ತಿಂಗಳ ಮಗು ಎತ್ತಿಕೊಂಡು ಬಂದಳು. ಮಗುವಿಗೆ ಜ್ವರ ಅಂತ ಬಂದಿದ್ದು. ಮಗು ನೋಡಿದ ಮೇಲೆ, ತನಗೂ ಒಂದು ವಾರದಿಂದ ಊಟ ಸೇರುತ್ತಿಲ್ಲ, ಒಗ್ಗರಣೆ ವಾಸನೆಗೆ ಹೊಟ್ಟೆ ತೊಳೆಸುತ್ತದೆ ಅಂದಳು. ಮುಟ್ಟು ಯಾವಾಗ ಆಗಿತ್ತಮ್ಮಾ ಅಂದೆ. "ಹೆರಿಗೆ ಆದ್ಮೇಲೆ ಆಗೇ ಇಲ್ಲ" ಅಂದಳು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಇತ್ತು. ಮೂತ್ರ ತಂದು ಮೂರು ಹನಿ ಹಾಕಿದೆವು. ಒಂದು ಗೆರೆ ಮೂಡಿತು. ಅವಳು ಬಗ್ಗಿ ನೋಡುತ್ತಲೇ ಇದ್ದಳು. ಎರಡನೆಯ ಗೆರೆ ಮೊದಲು ತೆಳ್ಳಗೆ, ಆಮೇಲೆ ಗಟ್ಟಿಯಾಗಿ ಬಂತು. "ಅದು ಹೆಂಗಾಗುತ್ತೆ? ನನಗೆ ಆಗೇ ಇಲ್ವಲ್ಲಕ್ಕಾ" ಅಂತ ಮತ್ತೆ ಮತ್ತೆ ಅದನ್ನೇ ಹೇಳಿದಳು. ಕಂಕುಳಲ್ಲಿದ್ದ ಮಗು ಅವಳ ಸೆರಗು ಎಳೆಯುತ್ತಿತ್ತು. ಸ್ಕ್ಯಾನಿಂಗ್ ಮಾಡಿಸಿದಾಗ ಮೂರು ತಿಂಗಳು ನಡೆಯುತ್ತಿತ್ತು.

ಅದು ಹೇಗಾಗುತ್ತದೆ ಅಂದರೆ, ಅಂಡ ಮೊದಲು, ಮುಟ್ಟು ಆಮೇಲೆ. ಅಂಡ ಬಿಡುಗಡೆಯಾಗಿ ಸುಮಾರು ಎರಡು ವಾರದ ನಂತರ ಮುಟ್ಟು ಬರುವುದು. ಆ ಮೊದಲ ಅಂಡವೇ ನಿಂತುಬಿಟ್ಟರೆ ಮುಟ್ಟು ಬರುವುದೇ ಇಲ್ಲ. ಹಾಲುಣಿಸುವಾಗ ಆರು ತಿಂಗಳೊಳಗೆ ಬರುವ ಮೊದಲ ಮುಟ್ಟು ಎಷ್ಟೋ ಸಲ ಅಂಡವಿಲ್ಲದೆ ಬರುವಂಥದ್ದು. ಹಾಗಾಗಿ ಅದೊಂದು ಮುನ್ಸೂಚನೆಯ ಹಾಗೆ ಇರುತ್ತದೆ. ದಿನ ಕಳೆದಷ್ಟೂ ಇದು ತಿರುಗುತ್ತದೆ. ಒಂಬತ್ತು, ಹತ್ತು, ಹನ್ನೆರಡನೇ ತಿಂಗಳಲ್ಲಿ ಬರುವ ಮೊದಲ ಮುಟ್ಟಿಗೆ ಮುಂಚೆ ಅಂಡ ಬಂದಿರುವ ಸಾಧ್ಯತೆಯೇ ಹೆಚ್ಚು. ಅಂದರೆ ತುಂಬ ದಿನ ಮುಟ್ಟು ಬರದಿದ್ದವರೇ ತುಂಬ ಎಚ್ಚರಿಕೆಯಿಂದ ಇರಬೇಕು. ನಮ್ಮ ಹೆಂಗಸರು ಅಂದುಕೊಂಡಿರುವುದು ಇದಕ್ಕೆ ಪೂರ್ತಿ ತದ್ವಿರುದ್ಧ.

ಒಂದು ಹೆರಿಗೆಯಾಗಿ ಮತ್ತೆ ಬಸಿರಾಗುವ ಮೊದಲು ಕನಿಷ್ಠ 24 ತಿಂಗಳು ಬಿಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ತಿಂಗಳ ಮಗು ಎತ್ತಿಕೊಂಡು ಬಂದಿದ್ದ ಆ ತಾಯಿಯ ಮೈಯಲ್ಲಿ ರಕ್ತ ಎಷ್ಟಿತ್ತು, ಎರಡನೆಯ ಹೆರಿಗೆಯ ಹೊತ್ತಿಗೆ ಎಷ್ಟು ಕಷ್ಟಪಟ್ಟಳು ಅಂತ ನಾನು ನೋಡಿದ್ದೇನೆ. ಹಾಗಾಗಿ ಆರು ತಿಂಗಳು ತುಂಬಿದ ಕೂಡಲೇ, ಅನ್ನಪ್ರಾಶನಕ್ಕೆ ದಿನ ನೋಡುವ ಹೊತ್ತಿಗೇ, ಗಂಡ ಹೆಂಡತಿ ಇಬ್ಬರೂ ಬಂದು ಮಾತಾಡಿ ಅನ್ನುತ್ತೇನೆ. ಹಾಲುಣಿಸುವವರಿಗೆ ಆಗುವಂಥದ್ದು ಬೇಕಾದಷ್ಟಿದೆ. ಕಾಪರ್ ಟಿ ಇದೆ, ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಳ್ಳಬಹುದು. ಛಾಯಾ ಮಾತ್ರೆ ಇದೆ. ಲಕ್ನೋದ ಸಿಡಿಆರ್‌ಐ ಸಂಸ್ಥೆಯಲ್ಲಿ ತಯಾರಾದದ್ದು, ಅದರಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರಾ ಚುಚ್ಚುಮದ್ದು ಇದೆ, ಹಾಲುಣಿಸುವವರಿಗೆ ಆರು ವಾರದ ನಂತರ ಕೊಡುತ್ತಾರೆ, ಮೂರು ತಿಂಗಳಿಗೊಮ್ಮೆ. ಕಾಂಡೋಮ್ ಇದ್ದೇ ಇದೆ. ದಿನಾ ನುಂಗುವ ಮಾಮೂಲಿ ಮಾತ್ರೆ ಮಾತ್ರ, ಎರಡು ಹಾರ್ಮೋನು ಇರುವಂಥದ್ದು, ಮೊದಲ ಆರು ತಿಂಗಳು ಹಾಲುಣಿಸುವವರಿಗೆ ಬೇಡ. ಅಂತರಾ ತೆಗೆದುಕೊಂಡರೆ ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಛಾಯಾದಲ್ಲೂ ಕೆಲವರಿಗೆ ಮುಟ್ಟು ಮುಂದಕ್ಕೆ ಹೋಗುತ್ತದೆ. ಅದಕ್ಕೆ ಹೆದರಬೇಡಿ, ಅದು ಮದ್ದಿನ ಗುಣ. ಯಾವುದು ನಿಮಗೆ ಸರಿ ಅಂತ ಡಾಕ್ಟರ್ ಹತ್ತಿರ ಕೂತು ಮಾತಾಡಿ. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಮುಟ್ಟು ಬಂದೇ ಬಿಟ್ಟಿತು ಅನ್ನುವವರಿಗೆ ಈಗ. ಹಾಲು ಕೆಡುವುದಿಲ್ಲ. ವಿಷವಾಗುವುದಿಲ್ಲ, ಮಗುವಿಗೆ ಭೇದಿಯಾಗುವುದಿಲ್ಲ. ಮುಟ್ಟಿನ ರಕ್ತ ಬರುವುದು ಗರ್ಭಕೋಶದಿಂದ, ಹಾಲು ತಯಾರಾಗುವುದು ಎದೆಯಲ್ಲಿ. ಮುಟ್ಟಿಗೆ ಒಂದೆರಡು ದಿನ ಮುಂಚೆ, ಮತ್ತೆ ಶುರುವಿನ ದಿನಗಳಲ್ಲಿ, ಹಾಲು ಸ್ವಲ್ಪ ಕಡಿಮೆ ಅನ್ನಿಸಬಹುದು. ತೊಟ್ಟು ನೋಯಬಹುದು. ಮಗು ಎದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ರಂಪ ಮಾಡಬಹುದು. ಆಗ ಇನ್ನೆರಡು ಸಲ ಹೆಚ್ಚಿಗೆ ಕುಡಿಸಿ. ಮೂರು ನಾಲ್ಕು ದಿನದಲ್ಲಿ ಮೊದಲಿನ ಹಾಗೆ ಆಗುತ್ತದೆ.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುವುದು ಒಂದಕ್ಕೆ. ಕೆಲವು ಮನೆಗಳಲ್ಲಿ ಹೊರಗಾದವಳು ಮೂರು ದಿನ ಮೂಲೆಯಲ್ಲಿ ಕೂರಬೇಕು. ಮಗುವನ್ನು ಮುಟ್ಟಿದರೆ ಮಗುವಿಗೂ ಸ್ನಾನ ಅಂತ ಹೇಳಿ, ಮೂರು ದಿನ ಬಾಟಲಿ ಹಾಲು ಹಾಕುತ್ತಾರೆ. ಮಗು ಬಾಟಲಿಗೆ ಒಗ್ಗುತ್ತದೆ. ತಾಯಿಯ ಎದೆ ಕಟ್ಟಿಕೊಂಡು ಜ್ವರ ಬರುತ್ತದೆ. ನಾಲ್ಕನೆಯ ದಿನ ಸ್ನಾನ ಮಾಡಿ ಬಂದಾಗ ಮಗು ಎದೆಗೆ ಬರುವುದಿಲ್ಲ. ಆಮೇಲೆ "ಮುಟ್ಟಾದ ಮೇಲೆ ಇವಳ ಹಾಲು ಬತ್ತಿತು" ಅಂತ ಹೇಳುತ್ತಾರೆ. ಹಾಲು ಬತ್ತಿದ್ದು ಮುಟ್ಟಿನಿಂದಲ್ಲ, ಮೂರು ದಿನ ಮಗುವನ್ನು ದೂರ ಇಟ್ಟಿದ್ದರಿಂದ. ಮನೆಯ ಹಿರಿಯರ ಹತ್ತಿರ ಈ ಮಾತು ಹೇಳುವುದು ಸೊಸೆಗೆ ಕಷ್ಟ. ಅಂಥ ಮನೆಗೆ ನಾನೇ ಹೋಗಿ ಅತ್ತೆಯ ಜೊತೆ ಕೂತು ಮಾತಾಡಿದ್ದೇನೆ. ಮೊಮ್ಮಗು ಸೊರಗುತ್ತೆ ಅಂದರೆ ಯಾವ ಅಜ್ಜಿಯೂ ಹಟ ಮಾಡುವುದಿಲ್ಲ. ಎರಡು ವರ್ಷದವರೆಗೆ, ಬೇಕಾದರೆ ಆಮೇಲೂ ಎದೆಹಾಲು ಕೊಡಿ ಅನ್ನುವುದೇ ಸರಿಯಾದ ಸಲಹೆ. ಆ ಎರಡು ವರ್ಷದಲ್ಲಿ ಮುಟ್ಟು ಬಂದೇ ಬರುತ್ತದೆ ಅಲ್ವಾ?

ಮೊದಲ ಕೆಲವು ಸಲ ಲೆಕ್ಕ ಸರಿ ಬರುವುದಿಲ್ಲ. ಒಮ್ಮೆ 25 ದಿನಕ್ಕೆ ಬಂದು, ಮುಂದಿನದು ಎರಡು ತಿಂಗಳಿಗೆ ಬರಬಹುದು. ಒಮ್ಮೆ ಜಾಸ್ತಿ ಹೋಗಿ ಇನ್ನೊಮ್ಮೆ ಬರೀ ಕಲೆಯಾಗಬಹುದು. ಮಗು ಹಾಲು ಕಡಿಮೆ ಮಾಡಿದ ಹಾಗೆ ತಾನಾಗಿ ಸರಿಹೋಗುತ್ತದೆ. ಕೆಂಪು ಕಬ್ಬಿಣಾಂಶದ ಮಾತ್ರೆಯನ್ನು ಮಾತ್ರ ಬಿಡಬೇಡಿ. ಹೆರಿಗೆಯ ನಂತರ 180 ದಿನ ನುಂಗಲು ಕೊಟ್ಟಿರುತ್ತೇವೆ. ಮುಟ್ಟು ನಿಂತಿರುವ ಆ ತಿಂಗಳುಗಳಲ್ಲಿ ನಿಮ್ಮ ಮೈ ಹೆರಿಗೆಯಲ್ಲಿ ಕಳೆದುಕೊಂಡ ರಕ್ತವನ್ನು ಕೂಡಿಸಿಕೊಳ್ಳುತ್ತಿರುತ್ತದೆ. ಮುಟ್ಟು ತಡವಾಗುವುದರ ದೊಡ್ಡ ಉಪಕಾರ ಇದು.

ಒಂದೇ ಥರ ಕುಡಿಸಿದರೂ ಇಬ್ಬರಿಗೆ ಬೇರೆ ಬೇರೆ ಹೊತ್ತಿಗೆ ಯಾಕೆ ಬರುತ್ತದೆ? ಊಟಕ್ಕೂ ಇದರಲ್ಲಿ ಪಾಲಿದೆ. ಅರ್ಜೆಂಟೀನಾದ ತೋಬಾ ಅನ್ನುವ ಜನರಲ್ಲಿ ಕ್ಲಾಡಿಯಾ ವಲೇಜಿಯಾ, ಪೀಟರ್ ಎಲಿಸನ್ ಅನ್ನುವವರು ಅಧ್ಯಯನ ಮಾಡಿದ್ದಾರೆ. ಅಲ್ಲಿಯ ತಾಯಂದಿರು ಹಗಲೂ ರಾತ್ರಿ ಹಾಲು ಕೊಡುವವರೇ. ಆದರೆ ಚೆನ್ನಾಗಿ ಉಂಡು ಮೈ ತುಂಬಿಕೊಂಡವರು. ಅವರಿಗೆ ಸುಮಾರು ಹತ್ತು ತಿಂಗಳಿಗೇ ಮುಟ್ಟು ಮರಳುತ್ತಿತ್ತು. ಮೈಗೆ ಹಾಲಿಗೂ ಸಾಕಾಗಿ ಮೇಲೆ ಉಳಿಯುವಷ್ಟು ಶಕ್ತಿ ಸಿಕ್ಕಿದಾಗ ಅಂಡಾಶಯ ಬೇಗ ಎಚ್ಚರವಾಗುತ್ತದೆ. ಹಾಗಂತ ಮುಟ್ಟು ತಡವಾಗಲಿ ಅಂತ ಊಟ ಬಿಡುವುದು ಬೇಡವೇ ಬೇಡ. ಪಥ್ಯ ಪಥ್ಯ ಅಂತ ಬಾಣಂತಿಯನ್ನು ಸೊರಗಿಸಬೇಡಿ.

ಇದಕ್ಕೆ ಹತ್ತಿರದ್ದೇ ಇನ್ನೊಂದು ಪ್ರಶ್ನೆ ಈಚೆಗೆ ಜಾಸ್ತಿಯಾಗಿದೆ. ತಡವಾಗಿ ಮದುವೆಯಾದವರು, ಮೂವತ್ತೈದು ದಾಟಿದವರು ಕೇಳುತ್ತಾರೆ. "ಬೇಗ ಇನ್ನೊಂದು ಬೇಕು, ಮುಟ್ಟು ಬರಿಸೋಕೆ ಏನು ಮಾಡ್ಲಿ?" ಎಳ್ಳು ಬೆಲ್ಲ ತಿಂದೆ, ಪರಂಗಿ ಹಣ್ಣು ತಿಂದೆ, ಏನೂ ಆಗಲಿಲ್ಲ ಅನ್ನುತ್ತಾರೆ. ಎಳ್ಳುಂಡೆ ತಿನ್ನಿ, ಒಳ್ಳೆಯದೇ. ಆದರೆ ಮಗು ರಾತ್ರಿಯೆಲ್ಲ ಚೀಪುತ್ತಿರುವಾಗ ಅದು ಮುಟ್ಟನ್ನು ಎಳೆದು ತರುವುದಿಲ್ಲ. ಮಗುವಿಗೆ ವರ್ಷ ದಾಟಿದ್ದರೆ, ಊಟ ಚೆನ್ನಾಗಿ ಮಾಡುತ್ತಿದ್ದರೆ, ರಾತ್ರಿಯ ಹಾಲನ್ನು ವಾರಕ್ಕೆ ಒಂದು ಸಲದಂತೆ ನಿಧಾನವಾಗಿ ಕಡಿಮೆ ಮಾಡಿ ನೋಡಿ. ಬೇವು ಹಚ್ಚಿ ಒಂದೇ ದಿನದಲ್ಲಿ ಬಿಡಿಸಬೇಡಿ. ಎದೆ ಕಟ್ಟುತ್ತದೆ, ಮಗುವೂ ಮಂಕಾಗುತ್ತದೆ.

ಯಾವಾಗ ತಡಮಾಡದೆ ಬರಬೇಕು ಅನ್ನುವುದನ್ನೂ ಹೇಳುತ್ತೇನೆ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ. ದೊಡ್ಡ ದೊಡ್ಡ ಗಡ್ಡೆ ಬಿದ್ದರೆ. ಕೆಟ್ಟ ವಾಸನೆ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ. ಇವು ಮುಟ್ಟಲ್ಲ, ಕಾಯಿಲೆಯ ಗುರುತು. ಹಾಲು ಪೂರ್ತಿ ಬಿಡಿಸಿ ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಮೊದಲು ಬಸಿರಿನ ಪರೀಕ್ಷೆ, ಆಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇನ್ನೊಂದು ಅಪರೂಪದ್ದು, ಆದರೆ ತಪ್ಪಿಹೋಗಬಾರದು. ಹೆರಿಗೆಯಲ್ಲಿ ತುಂಬ ರಕ್ತ ಹೋಗಿತ್ತು, ಎದೆಯಲ್ಲಿ ಹಾಲೇ ಇಳಿಯಲಿಲ್ಲ, ಮುಟ್ಟೂ ಬರಲಿಲ್ಲ, ಸದಾ ಸುಸ್ತು, ಚಳಿ ತಡೆಯಲು ಆಗುವುದಿಲ್ಲ. ಹೀಗಿದ್ದರೆ ರಕ್ತ ಸಾಲದೆ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು. ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ಹಾಲು ಬರದವಳು ಅಂತ ಮನೆಯವರು ಆಡಿಕೊಳ್ಳುತ್ತಾರೆ. ಅವಳು ಒಳಗೇ ಕುಗ್ಗಿರುತ್ತಾಳೆ. ಅದಕ್ಕೆ ಚಿಕಿತ್ಸೆ ಇದೆ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೆರಿಗೆಯಲ್ಲಿ ರಕ್ತ ಹೋಗಿದ್ದನ್ನು ಮರೆಯದೆ ಹೇಳಿ.

ವಾರಗಿತ್ತಿಗೆ ಮೂರನೇ ತಿಂಗಳಿಗೇ ಆಯ್ತು ಅಂದಿದ್ದಳಲ್ಲ, ಅವಳು ಮೊನ್ನೆ ಗುರುವಾರ ಒಂಬತ್ತು ತಿಂಗಳಿನ ಸೂಜಿಗೆ ಬಂದಿದ್ದಳು. ಅವಳಿಗೆ ಇನ್ನೂ ಆಗಿಲ್ಲ. ಆರು ತಿಂಗಳು ತುಂಬಿದಾಗಿನಿಂದ ಛಾಯಾ ನುಂಗುತ್ತಿದ್ದಾಳೆ. ಭಾನುವಾರ ಮತ್ತು ಬುಧವಾರ, ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಕೊಂಡು. "ಅತ್ತೆ ಯಾಕೆ ಈ ಸುತ್ತು ಅಂದ್ರು ಅಕ್ಕಾ. ಹೇಳಿಬಿಟ್ಟೆ" ಅಂದಳು. ಅತ್ತೆ ಅಲ್ಲೇ ಬೆಂಚಿನ ಮೇಲೆ ಮೊಮ್ಮಗನಿಗೆ ಗಿಲಕಿ ಆಡಿಸುತ್ತಾ ಕೂತಿದ್ದರು. ತಲೆ ಎತ್ತದೆಯೇ ಹೇಳಿದರು, "ಇವಳ ಗಂಡನಿಗೂ ಅವನ ತಮ್ಮನಿಗೂ ನಡುವೆ ನಾನು ಒಂದು ಸಲವೂ ಮುಟ್ಟಾಗ್ಲಿಲ್ಲ ತಾಯಿ. ದೊಡ್ಡೋನಿನ್ನೂ ಅಂಬೆಗಾಲಿಡ್ತಿದ್ದ. ಆಗ ನಮಗೆ ಯಾರು ಹೇಳೋರಿದ್ರು?"